ಬೋರ್ಡ್ ಹೊಸದು, ವಿಂಡೋಸ್ ಹಳೆಯದೇ: ಕುಮಟಾದ ಪ್ರೆಸ್ಸಿನ ಕಂಪ್ಯೂಟರ್ ರಿಪೇರಿ

ಚೌತಿಗೆ ಇನ್ನು ಹದಿನೆಂಟು ದಿನ ಇತ್ತು. ಕುಮಟಾದಿಂದ ಮಾವನ ಫೋನ್ ಬಂತು. "ತಮಾ, ಸ್ವಿಚ್ ಹಾಕಿದ್ರೆ ಫ್ಯಾನು ಒಂದು ಸುತ್ತು ತಿರುಗ್ತು, ನಿಲ್ತು. ಮತ್ತೆ ತಿರುಗ್ತು, ಮತ್ತೆ ನಿಲ್ತು. ಪರದೆ ಮೇಲೆ ಎಂತೂ ಇಲ್ಲೆ."

ಮಾವನದು ಪೇಟೆಯಲ್ಲಿ ಸಣ್ಣ ಪ್ರೆಸ್. ಮದುವೆ, ಉಪನಯನದ ಕಾಗದ, ಅಂಗಡಿಗಳ ಬಿಲ್ ಬುಕ್, ಯಕ್ಷಗಾನದ ಹ್ಯಾಂಡ್‌ಬಿಲ್. ಚೌತಿ ಬಂತೆಂದರೆ ಗಣೇಶೋತ್ಸವ ಸಮಿತಿಗಳ ರಸೀದಿ ಪುಸ್ತಕ. ಎಲ್ಲವೂ ಆ ಒಂದೇ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಹತ್ತಿರದ ಅಂಗಡಿಯವರು ನೋಡಿ "ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಿ ಫಾರ್ಮ್ಯಾಟ್ ಹೊಡೆದು ಕೊಡುತ್ತೇವೆ" ಅಂದಿದ್ದರಂತೆ. ಬೋರ್ಡಿನ ಮಾತು ಸರಿಯೇ ಇರಬಹುದು. ಆದರೆ ಫಾರ್ಮ್ಯಾಟ್ ಅಂದದ್ದು ಕೇಳಿ ನನಗೆ ಎದೆ ಝಲ್ ಅಂತು. "ಮಾವ, ಯಾರಿಗೂ ಡಿಸ್ಕ್ ಮುಟ್ಟಲು ಬಿಡಬೇಡಿ, ನಾನು ಬರುತ್ತೇನೆ" ಅಂತ ಹೇಳಿ ಶಿರಸಿಯಿಂದ ಹೊರಟೆ.

ಯಾಕೆ ಅಷ್ಟು ಹೆದರಿಕೆ ಅಂತ ಹೇಳಬೇಕು. ಆ ಸಿ ಡ್ರೈವ್‌ನಲ್ಲಿ 2001ರ ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ಸಾಫ್ಟ್‌ವೇರ್ ಇದೆ. ನುಡಿ ಫಾಂಟ್‌ಗಳಿವೆ. ಯೂನಿಕೋಡ್‌ಗೆ ಮುಂಚಿನ ಕಾಲದ ಇನ್ನೊಂದು ಫಾಂಟ್ ಪ್ಯಾಕೇಜ್ ಇದೆ, ಅದು ತೆರೆಯಲು ಯುಎಸ್‌ಬಿ ಡಾಂಗಲ್ (ಬೀಗದ ಕೈಯಂತೆ ಚುಚ್ಚುವ ಸಣ್ಣ ಸಾಧನ) ಬೇಕು. ಇವೆಲ್ಲದರ ಸೀಡಿಗಳು ಕಪಾಟಿನಲ್ಲಿದ್ದವು. ಕರಾವಳಿಯ ಮಳೆಗಾಲ ಗೊತ್ತಲ್ವಾ? ತೆಗೆದು ನೋಡಿದರೆ ಸೀಡಿಯ ತುಂಬ ಬೂಷ್ಟು. ಒಂದೂ ಓದುವುದಿಲ್ಲ. ಫಾರ್ಮ್ಯಾಟ್ ಆದರೆ ಇವನ್ನು ಮತ್ತೆ ಹಾಕುವ ದಾರಿಯೇ ಇಲ್ಲ. ಹಳೆಯ ಕಡತ ಸುರಕ್ಷಿತವಾಗಿ ಡಿ ಡ್ರೈವ್‌ನಲ್ಲಿ ಇದ್ದರೂ ತೆರೆಯುವ ಸಾಫ್ಟ್‌ವೇರ್ ಇರುವುದಿಲ್ಲ. ತೆರೆದರೂ ಫಾಂಟ್ ಇಲ್ಲದೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಹಾಗಾಗಿ ಬೋರ್ಡ್ ಮಾತ್ರ ಬದಲಿಸಬೇಕು, ವಿಂಡೋಸ್ ಹಾಗೆಯೇ ಎದ್ದು ಕೂರಬೇಕು. ಅದೇ ಕೆಲಸ.

ಮೊದಲು, ಸತ್ತದ್ದು ಬೋರ್ಡೇ ಹೌದಾ ಅಂತ ನೋಡಿಕೊಂಡೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬಿಚ್ಚಿ, ದೊಡ್ಡ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಸೇರಿಸಿದರೆ ಅದು ಬೋರ್ಡ್ ಇಲ್ಲದೆಯೂ ಓಡುತ್ತದೆ. ಮಲ್ಟಿಮೀಟರ್ ಹಿಡಿದೆ. ಹಳದಿ ತಂತಿ 12.1 ವೋಲ್ಟ್, ಕೆಂಪು 5.05, ಕಿತ್ತಳೆ 3.3. ಶೇಕಡಾ 5ರ ಒಳಗೆ ಹೆಚ್ಚು ಕಡಿಮೆ ಇದ್ದರೆ ಸರಿ. ಹೊರೆ ಇಲ್ಲದೆ ಅಳೆದ ವೋಲ್ಟೇಜ್ ಪೂರ್ತಿ ಸಾಕ್ಷಿಯಲ್ಲ, ಆದ್ದರಿಂದ ಮಾವನ ಮಗಳ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಅದನ್ನೂ ಹಾಕಿ ನೋಡಿದೆ. ಅದೇ ಹಾಡು. ರ‍್ಯಾಮ್ ಕಿತ್ತು, ಬಂಗಾರದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕಿದೆ. ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಶೆಲ್ ತೆಗೆದು ಹತ್ತು ನಿಮಿಷ ಬಿಟ್ಟೆ. ಏನೂ ಬದಲಾಗಲಿಲ್ಲ.

ಆಮೇಲೆ ಬೋರ್ಡ್ ಹೊರಗೆ ತೆಗೆದು ಟಾರ್ಚ್ ಹಾಕಿ ನೋಡಿದೆ. ಪ್ರೊಸೆಸರ್ ಪಕ್ಕದ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಅಷ್ಟೇ ಆಗಿದ್ದರೆ ಬೆಸುಗೆ ಬಿಚ್ಚಿ ಹೊಸ ಕೆಪಾಸಿಟರ್ ಹಾಕಿ ಬದುಕಿಸಬಹುದಿತ್ತು. ಬೋರ್ಡ್ ತಿರುಗಿಸಿದಾಗ ಆಸೆ ಬಿಟ್ಟೆ. ಕೆಳಗಿನ ಅಂಚಿನ ಉದ್ದಕ್ಕೂ ಹಸಿರು ಕಿಲುಬು. ತಾಮ್ರದ ಕೂದಲೆಳೆಯಂಥ ಗೆರೆಗಳು ಎರಡು ಮೂರು ಕಡೆ ತುಂಡಾಗಿದ್ದವು. ಕಂಪ್ಯೂಟರ್ ಇದ್ದದ್ದು ಪಶ್ಚಿಮದ ಕಿಟಕಿಯ ಕೆಳಗೆ. ಹನ್ನೆರಡು ವರ್ಷ ಸಮುದ್ರದ ಉಪ್ಪು ಗಾಳಿ ನೇರ ಅದರ ಮೇಲೇ ಬೀಸಿದೆ. ಉಪ್ಪು ತೇವ ಹಿಡಿಯುತ್ತದೆ, ತೇವದ ಮೇಲೆ ಕರೆಂಟ್ ಹರಿದರೆ ತಾಮ್ರ ಬೇಗ ಕರಗುತ್ತದೆ. ಘಟ್ಟದ ಮೇಲೆ ಇಪ್ಪತ್ತು ವರ್ಷ ಬರುವ ಬೋರ್ಡು ಇಲ್ಲಿ ಹತ್ತು ದಾಟಿದರೆ ಪುಣ್ಯ.

ಬದಲಿಗೆ ಯಾವ ಬೋರ್ಡ್? ಹಳೆಯದು ಎಚ್61 ಚಿಪ್‌ಸೆಟ್ಟಿನದು, ಡಿಡಿಆರ್3 ರ‍್ಯಾಮ್. ಅದೇ ಜಾತಿಯ ಇನ್ನೊಂದು ಬೋರ್ಡ್ ಸಿಕ್ಕಿದರೆ ಕೆಲಸ ಬಹಳ ಸುಲಭ. ಪ್ರೊಸೆಸರ್, ರ‍್ಯಾಮ್ ಎತ್ತಿ ಹಾಕಿದರೆ ಆಯಿತು, ವಿಂಡೋಸ್‌ಗೆ ಹೆಚ್ಚೇನೂ ವ್ಯತ್ಯಾಸ ತಿಳಿಯುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದವರು ಹಾಗೇ ಮಾಡಿ ಅಂತ ನಾನು ಹೇಳುತ್ತೇನೆ. ಆದರೆ ಮಾವನ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್‌ನ ಕೊನೆಯ ದಿನ 2025ರ ಅಕ್ಟೋಬರ್ 14. ಮುಂದೆ ಎಂದಾದರೂ ವಿಂಡೋಸ್ 11ಕ್ಕೆ ಹೋಗಬೇಕಾದರೆ ಇಂಟೆಲ್‌ನ ಎಂಟನೇ ಅಥವಾ ನಂತರದ ಪೀಳಿಗೆಯ ಪ್ರೊಸೆಸರ್, ಯುಇಎಫ್‌ಐ (ಬೂಟ್ ಆಗುವ ಹೊಸ ಪದ್ಧತಿ), ಟಿಪಿಎಂ 2.0 (ಬೀಗದ ಗುಟ್ಟು ಕಾಯುವ ಚಿಪ್) ಎಲ್ಲ ಬೇಕು. ಅದಕ್ಕೇ ಎಚ್510 ಬೋರ್ಡ್, ಐ3 10105 ಪ್ರೊಸೆಸರ್, 8 ಜಿಬಿ ಡಿಡಿಆರ್4, 256 ಜಿಬಿ ಎಸ್‌ಎಸ್‌ಡಿ ಅಂತ ತೀರ್ಮಾನ ಮಾಡಿದೆವು. ಎಲ್ಲ ಸೇರಿ 17 ಸಾವಿರದ ಆಚೆ ಈಚೆ. ಮಾವ ಒಂದು ಕ್ಷಣ ಸುಮ್ಮನಿದ್ದು "ಅಡ್ಡಿಲ್ಲೆ" ಅಂದರು.

ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಅರಬೈಲ್ ಘಟ್ಟದಲ್ಲಿ ಜೋರು ಮಳೆ. ಮೂರು ದಿನ ತಡ ಆಯಿತು. ಆ ಮೂರು ದಿನ ಸುಮ್ನೆ ಹೋಗಲಿಲ್ಲ. ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಆಗಲೇ ನಡೆದದ್ದು.

ಹಳೆಯ 500 ಜಿಬಿ ಹಾರ್ಡ್ ಡಿಸ್ಕ್ ಹೊರಗೆ ತೆಗೆದು, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಮೂಲಕ ನನ್ನ ಲ್ಯಾಪ್‌ಟಾಪಿಗೆ ಹಚ್ಚಿದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನ ತನಕ ಒಂದು ದೊಡ್ಡ ಫೈಲಾಗಿ 1 ಟಿಬಿ ಹೊರಡಿಸ್ಕಿಗೆ (ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ) ಇಳಿಸಿದೆ. ವಿಂಡೋಸ್‌ನಲ್ಲಿ ಹಚ್ಚಿ ಕಾಪಿ ಪೇಸ್ಟ್ ಮಾಡಬಾರದೇ ಅಂತ ಮಾವ ಕೇಳಿದರು. ಮಾಡಬಾರದು. ವಿಂಡೋಸ್ ಡಿಸ್ಕ್ ಕಂಡ ಕೂಡಲೇ ಅದರ ಮೇಲೆ ಏನಾದರೂ ಬರೆಯುತ್ತದೆ. ಹಾಗೆ ನಕಲು ಮಾಡಿದ ಸಿ ಡ್ರೈವ್ ಬೂಟ್ ಕೂಡ ಆಗುವುದಿಲ್ಲ. ಡಿಡಿರೆಸ್ಕ್ಯೂ ಓದುವುದು ಮಾತ್ರ. ಓದಲಾಗದ ಜಾಗ ಸಿಕ್ಕಿದರೆ ಅಲ್ಲೇ ಒದ್ದಾಡದೆ ಮುಂದೆ ಹೋಗಿ, ಕೊನೆಗೆ ಮತ್ತೆ ಆ ಜಾಗಕ್ಕೆ ಬರುತ್ತದೆ. ಎಲ್ಲಿ ಬಿಟ್ಟಿದೆ ಎಂಬ ಲೆಕ್ಕವನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋಯಿತು. ಕುಮಟಾದಲ್ಲಿ ಮಳೆಗಾಲ, ಹೋಗದೆ ಇರುತ್ತದಾ? ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇತ್ತು, ಹೊರಡಿಸ್ಕೂ ಅದರಿಂದಲೇ ಓಡುತ್ತಿತ್ತು. ಆದರೆ ಅಡಾಪ್ಟರಿಗೆ ಬೇರೆ ಪವರ್, ಹಳೆಯ ಡಿಸ್ಕ್ ನಿಂತಿತು. ಕರೆಂಟ್ ಬಂದ ಮೇಲೆ ಅದೇ ಮ್ಯಾಪ್ ಫೈಲ್ ಕೊಟ್ಟಾಗ ಬಿಟ್ಟಲ್ಲಿಂದ ಮುಂದುವರಿಯಿತು. ಎರಡು ಕಡೆ ಸೆಕ್ಟರ್ ಓದಲು ತಕರಾರು ಮಾಡಿದವು, ಮರುಪ್ರಯತ್ನದಲ್ಲಿ ಸಿಕ್ಕವು.

ಆ ಹೊರಡಿಸ್ಕನ್ನು ಮಾವನ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಇನ್ನು ಏನೇ ತಪ್ಪಿದರೂ ಹಿಂದೆ ಬರಲು ದಾರಿ ಇದೆ. ಆಗ ನನಗೆ ನಿದ್ದೆ ಬಂತು.

ನಾಲ್ಕನೇ ದಿನ ಸಾಮಾನು ಬಂತು. ಜೋಡಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಎಚ್ಚರಿಕೆ: ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಕೆಳಗೆ ಕೂರುವ ಹಿತ್ತಾಳೆಯ ಸ್ಟ್ಯಾಂಡ್‌ಗಳನ್ನು ಹೊಸ ಬೋರ್ಡಿನ ತೂತುಗಳಿಗೆ ಹೋಲಿಸಿ ನೋಡಿ. ನಮ್ಮದರಲ್ಲಿ ಹಳೆಯ ಬೋರ್ಡಿಗೆ ಹಾಕಿದ್ದ ಒಂದು ಸ್ಟ್ಯಾಂಡಿನ ಮೇಲೆ ಹೊಸದರಲ್ಲಿ ತೂತೇ ಇರಲಿಲ್ಲ. ಅದನ್ನು ಅಲ್ಲೇ ಬಿಟ್ಟಿದ್ದರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಬಿಚ್ಚಿ ತೆಗೆದೆ. ಡಿಸ್ಕ್ ಯಾವುದನ್ನೂ ಹಚ್ಚದೆ ಮೊದಲು ಬರೀ ಬೋರ್ಡ್ ಆನ್ ಮಾಡಿ, ಬಯೋಸ್ (ಬೋರ್ಡಿನ ಸ್ವಂತ ಸೆಟ್ಟಿಂಗ್) ಪರದೆ ಬಂದದ್ದು ನೋಡಿಕೊಂಡೆ.

ಈಗ ನಿಜವಾದ ತೊಡಕು. ಹಳೆಯ ಡಿಸ್ಕ್ ವಿಭಾಗಗಳನ್ನು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ಮಾಡಿದ್ದು. ಅಂದರೆ ಹಳೆಯ ಲೆಗಸಿ ಬಯೋಸ್ ಪದ್ಧತಿಯಲ್ಲಿ ಬೂಟ್ ಆಗುತ್ತಿತ್ತು. ಇಂಟೆಲ್ 500 ಸರಣಿಯ ಬೋರ್ಡುಗಳಲ್ಲಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಬಳಸುವಾಗ ಲೆಗಸಿ ಬೂಟ್ ನಡೆಯುವುದಿಲ್ಲ, ಯುಇಎಫ್‌ಐ ಮಾತ್ರ. ಅದಕ್ಕೆ ಜಿಪಿಟಿ ಎಂಬ ಹೊಸ ಮಾದರಿಯ ಡಿಸ್ಕ್ ಮತ್ತು ಬೂಟ್ ಫೈಲ್‌ಗಳಿಗೆ ಒಂದು ಸಣ್ಣ ಇಎಫ್‌ಐ ವಿಭಾಗ ಬೇಕು. ವಿಂಡೋಸ್ 10ರಲ್ಲಿ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ, ಡಿಸ್ಕಿನ ಮಾಹಿತಿ ಅಳಿಸದೆ ಮಾದರಿ ಬದಲಿಸುತ್ತದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ಅದರ ವ್ಯಾಲಿಡೇಟ್ ಆಯ್ಕೆ ಕೊಟ್ಟೆ. ಅದು ಪರೀಕ್ಷೆ ಮಾತ್ರ, ಏನನ್ನೂ ಬರೆಯುವುದಿಲ್ಲ. ಆಗುವುದಿಲ್ಲ ಅಂತ ಉತ್ತರ ಬಂತು. ಕಾರಣ ಇ ಡ್ರೈವ್. ಅದು ಎಕ್ಸ್‌ಟೆಂಡೆಡ್ ವಿಭಾಗದ ಒಳಗಿನ ಲಾಜಿಕಲ್ ಡ್ರೈವ್. ಅಂಥದ್ದು ಇದ್ದರೆ ಈ ಸಾಧನ ಒಪ್ಪುವುದಿಲ್ಲ.

ಹಾಗಾಗಿ ಕೈಯಿಂದಲೇ ಮಾಡಿದೆ. ಡಿಸ್ಕನ್ನು ವಿಭಾಗ ಮಾಡುವ ಡಿಸ್ಕ್‌ಪಾರ್ಟ್‌ ಎಂಬ ಸಾಧನದಲ್ಲಿ ಹೊಸ ಎಸ್‌ಎಸ್‌ಡಿಯನ್ನು ಜಿಪಿಟಿ ಮಾಡಿ 260 ಎಂಬಿ ಇಎಫ್‌ಐ ವಿಭಾಗ, 16 ಎಂಬಿ ಎಂಎಸ್‌ಆರ್ ವಿಭಾಗ (ವಿಂಡೋಸ್ ತನಗಾಗಿ ಕಾಯ್ದಿಡುವ ಜಾಗ), ಉಳಿದದ್ದೆಲ್ಲ ವಿಂಡೋಸ್‌ಗೆ ಅಂತ ಹಂಚಿದೆ. ಆಮೇಲೆ ಮತ್ತೆ ಲಿನಕ್ಸ್ ಪೆನ್‌ಡ್ರೈವ್. ಹಳೆಯ ಸಿ ವಿಭಾಗ 120 ಜಿಬಿ. ಅದನ್ನು ಡಿಡಿರೆಸ್ಕ್ಯೂದಿಂದಲೇ ಎಸ್‌ಎಸ್‌ಡಿಯ ದೊಡ್ಡ ವಿಭಾಗಕ್ಕೆ ಇಳಿಸಿದೆ. ಇಲ್ಲಿ ಯಾವುದು ಮೂಲ, ಯಾವುದು ಗುರಿ ಅಂತ ಮೂರು ಸಲ ನೋಡಿ, ಗಾತ್ರ ಓದಿ ಹೇಳಿ, ಮಾವನಿಂದ ಹೌದು ಅನ್ನಿಸಿಕೊಂಡೇ ಎಂಟರ್ ಒತ್ತಿದೆ. ಅರ್ಧ ಗಂಟೆಯೊಳಗೆ ಮುಗಿಯಿತು. ಹಳೆಯ ಡಿಸ್ಕಿನ ಕೇಬಲ್ ಕಿತ್ತು ಬದಿಗಿಟ್ಟೆ.

ಮತ್ತೆ ವಿಂಡೋಸ್ ಪೆನ್‌ಡ್ರೈವ್. ಕಂಪ್ಯೂಟರ್ ತಟ್ಟನೆ ಸತ್ತಿದ್ದರಿಂದ ಫೈಲ್ ವ್ಯವಸ್ಥೆ ಅರ್ಧಂಬರ್ಧ ಇತ್ತು. ಅದನ್ನು ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದೆ. ಮೂಲ ಡಿಸ್ಕಿನ ಮೇಲೆ ಅಲ್ಲ, ನಕಲಿನ ಮೇಲೆ. ಸವೆದ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿ ಇದ್ದದ್ದನ್ನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಆಮೇಲೆ ಡಿಸ್ಕ್‌ಪಾರ್ಟ್‌ನ ಎಕ್ಸ್‌ಟೆಂಡ್ ಫೈಲ್‌ಸಿಸ್ಟಮ್ ಆಜ್ಞೆಯಿಂದ 120 ಜಿಬಿಯನ್ನು ವಿಭಾಗದ ತುಂಬ ಹಿಗ್ಗಿಸಿದೆ. ಕೊನೆಗೆ ಬಿಸಿಡಿಬೂಟ್. ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ ಫೋಲ್ಡರಿನಿಂದ ಬೂಟ್ ಫೈಲ್‌ಗಳನ್ನು ಎತ್ತಿ ಇಎಫ್‌ಐ ವಿಭಾಗದಲ್ಲಿ ಕೂರಿಸುವುದು ಅದರ ಕೆಲಸ. ಒಂದೇ ಸಾಲಿನ ಆಜ್ಞೆ, ಕ್ಷಣದಲ್ಲಿ ಆಯಿತು.

ರೀಸ್ಟಾರ್ಟ್. ವಿಂಡೋಸ್ ಚಿಹ್ನೆ ಬಂತು. ಚುಕ್ಕೆಗಳು ತಿರುಗಿದವು. ಹಿಂದೆಯೇ ನೀಲಿ ಪರದೆ: ಇನ್‌ಆಕ್ಸೆಸಬಲ್ ಬೂಟ್ ಡಿವೈಸ್.

ಬೋರ್ಡ್ ಬದಲಿಸಿದವರಲ್ಲಿ ಹೆಚ್ಚಿನವರು ಕೈಚೆಲ್ಲಿ ಫಾರ್ಮ್ಯಾಟ್ ಮಾಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತದಡಿಯಲ್ಲಿ ಅಘನಾಶಿನಿ ದಾಟಲು ದೋಣಿ ಇದೆಯಲ್ಲ, ಬೂಟ್‌ಲೋಡರ್ ಅಂಥ ದೋಣಿ. ಬೋರ್ಡಿನ ಫರ್ಮ್‌ವೇರ್ ಸಹಾಯದಿಂದ ಡಿಸ್ಕ್ ಓದಿ, ವಿಂಡೋಸ್ ಕರ್ನಲನ್ನು, ಅಂದರೆ ವಿಂಡೋಸ್‌ನ ತಿರುಳನ್ನು, ಮೆಮೊರಿಗೆ ತಂದು ಆಚೆ ದಡದಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮುಂದೆ ಕರ್ನಲ್ ಸ್ವಂತ ಕಾಲಿನ ಮೇಲೆ ನಡೆಯಬೇಕು. ಅಂದರೆ ಡಿಸ್ಕಿನ ಜೊತೆ ಮಾತಾಡಿಸುವ ಸಣ್ಣ ತಂತ್ರಾಂಶ, ಅಂದರೆ ಡಿಸ್ಕ್ ಕಂಟ್ರೋಲರಿನ ಡ್ರೈವರ್, ಆ ಕ್ಷಣಕ್ಕೆ ಎಚ್ಚರ ಇರಬೇಕು. ಹಳೆಯ ಬೋರ್ಡಿನಲ್ಲಿ ಡಿಸ್ಕ್ ಹಚ್ಚುವ ಸಾಟಾ, ಐಡಿಇ ಎಂಬ ಹಳೆಯ ಮೋಡ್‌ನಲ್ಲಿತ್ತು. ಹೊಸ ಬೋರ್ಡಿನಲ್ಲಿ ಐಡಿಇ ಮೋಡ್ ಇಲ್ಲವೇ ಇಲ್ಲ, ಎಎಚ್‌ಸಿಐ ಮಾತ್ರ. ಎಎಚ್‌ಸಿಐ ಡ್ರೈವರ್ ವಿಂಡೋಸ್ ಒಳಗೇ ಇದೆ, ಅದರ ಹೆಸರು ಸ್ಟೋರ್‌ಎಎಚ್‌ಸಿಐ (storahci). ಆದರೆ ಇಷ್ಟು ವರ್ಷ ಬೇಕಾಗದ ಕಾರಣ ವಿಂಡೋಸ್ ಅದನ್ನು ಮಲಗಿಸಿ ಇಟ್ಟಿದೆ. ಕರ್ನಲ್ ದಡಕ್ಕೆ ಇಳಿದು ನೋಡಿದರೆ ಡಿಸ್ಕೇ ಕಾಣಿಸುವುದಿಲ್ಲ. ಕಡತ ಒಂದೂ ಹಾಳಾಗಿಲ್ಲ. ಮಲಗಿದ್ದನ್ನು ಎಬ್ಬಿಸಬೇಕು, ಅಷ್ಟೇ.

ಹಳೆಯ ಬೋರ್ಡ್ ಜೀವಂತ ಇದ್ದಿದ್ದರೆ ಇದು ಸುಲಭ. ಬದಲಿಸುವ ಮೊದಲೇ ಸೇಫ್ ಮೋಡ್‌ನಲ್ಲಿ ಏಳುವಂತೆ ವಿಂಡೋಸ್‌ಗೆ ಹೇಳಿಟ್ಟರೆ ಸಾಕು. ಸೇಫ್ ಮೋಡ್ ಇಂಥ ಡ್ರೈವರ್‌ಗಳನ್ನೆಲ್ಲ ಎಬ್ಬಿಸುತ್ತದೆ. ನಮ್ಮದು ಸತ್ತ ಬೋರ್ಡ್. ಹಾಗಾಗಿ ಪೆನ್‌ಡ್ರೈವ್‌ನಿಂದ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತ) ಎಡಿಟರ್ ತೆರೆದು, ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್‌ನ ಸಿಸ್ಟಮ್ ಹೈವ್ ಎಂಬ ರಿಜಿಸ್ಟ್ರಿ ಫೈಲ್ ಲೋಡ್ ಮಾಡಿದೆ. ಸರ್ವಿಸಸ್ ಒಳಗೆ ಸ್ಟೋರ್‌ಎಎಚ್‌ಸಿಐ ಹುಡುಕಿದೆ. ಅದರ ಸ್ಟಾರ್ಟ್ ಬೆಲೆ 0 ಇತ್ತು, ಅದು ಸರಿ. ಆದರೆ ಕೆಳಗೆ ಸ್ಟಾರ್ಟ್‌ಓವರ್‌ರೈಡ್ ಎಂಬ ಮರಿ ಕೀ ಇತ್ತು, ಅದರಲ್ಲಿ 3. ಮೇಲೆ ಏಳು ಅಂತ ಬರೆದಿದ್ದರೂ ಈ ಮರಿ ಕೀ ಬೇಡ ಅನ್ನುತ್ತಿತ್ತು. ಅದನ್ನು ಅಳಿಸಿ, ಹೈವ್ ಅನ್‌ಲೋಡ್ ಮಾಡಿ, ರೀಸ್ಟಾರ್ಟ್ ಕೊಟ್ಟೆ.

ಈ ಸಲ ನೀಲಿ ಪರದೆ ಇಲ್ಲ. "ಗೆಟ್ಟಿಂಗ್ ಡಿವೈಸಸ್ ರೆಡಿ" ಅಂತ ಶೇಕಡಾ ಏರತೊಡಗಿತು. ಹೊಸ ಚಿಪ್‌ಸೆಟ್, ಹೊಸ ಯುಎಸ್‌ಬಿ, ಹೊಸ ಪ್ರೊಸೆಸರ್ ಎಲ್ಲವನ್ನೂ ವಿಂಡೋಸ್ ತಾನೇ ಗುರುತು ಹಿಡಿದುಕೊಳ್ಳುತ್ತಿತ್ತು. ನಾವಿಬ್ಬರೂ ಮಾತಾಡಲಿಲ್ಲ. ಅತ್ತೆ ತಂದಿಟ್ಟ ಕಷಾಯ ಹಾಗೇ ಆರಿತು. ಲಾಗಿನ್ ಪರದೆಯೂ ಬಂತು. ಪಾಸ್‌ವರ್ಡ್ ಹಾಕಿದರೆ "ಪ್ರಿಪೇರಿಂಗ್ ವಿಂಡೋಸ್" ಅಂತ ನಿಂತು, ಖಾಲಿ ನೀಲಿ ಡೆಸ್ಕ್‌ಟಾಪ್. ಮಾವನ ಐಕಾನ್ ಒಂದೂ ಇಲ್ಲ.

ಮಾವನ ಮುಖ ಸಣ್ಣದಾಯಿತು. ನನಗೆ ಇದು ಗೊತ್ತಿರುವ ರೋಗ. ಯಾವ ಅಕ್ಷರ ಯಾವ ವಿಭಾಗಕ್ಕೆ ಎಂಬುದನ್ನು ವಿಂಡೋಸ್ ಮೌಂಟೆಡ್ ಡಿವೈಸಸ್ ಎಂಬ ರಿಜಿಸ್ಟ್ರಿ ಪಟ್ಟಿಯಲ್ಲಿ ಬರೆದಿಡುತ್ತದೆ. ಎಂಬಿಆರ್ ಡಿಸ್ಕಾದರೆ ಡಿಸ್ಕಿನ ಗುರುತಿನ ಸಂಖ್ಯೆ ಮತ್ತು ವಿಭಾಗ ಶುರುವಾಗುವ ಜಾಗ, ಇವೆರಡೇ ಅದಕ್ಕೆ ಆಧಾರ. ಸಿ ಅಂದರೆ ಹಳೆಯ ಡಿಸ್ಕಿನ ಆ ಜಾಗ ಅಂತ ಇನ್ನೂ ಬರೆದಿತ್ತು. ಹೊಸ ಎಸ್‌ಎಸ್‌ಡಿಯ ವಿಭಾಗಕ್ಕೆ ಬೇರೆ ಅಕ್ಷರ ಸಿಕ್ಕಿತ್ತು. ಮಾವನ ಪ್ರೊಫೈಲ್ ಇರುವುದು ಸಿ ಡ್ರೈವ್‌ನ ಯೂಸರ್ಸ್ ಒಳಗೆ, ಸಿ ಎಂಬುದೇ ಇಲ್ಲದಿದ್ದರೆ ಎಲ್ಲಿಂದ ತರಬೇಕು? ಮತ್ತೆ ಪೆನ್‌ಡ್ರೈವ್, ಮತ್ತೆ ಹೈವ್. ಪಟ್ಟಿಯಲ್ಲಿ ಹಳೆಯ ಸಿ ಅಕ್ಷರದ ಸಾಲನ್ನೂ ಹೊಸ ವಿಭಾಗಕ್ಕೆ ಸಿಕ್ಕಿದ್ದ ಅಕ್ಷರದ ಸಾಲನ್ನೂ ಅಳಿಸಿದೆ. ಡಿ ಮತ್ತು ಇ ಸಾಲುಗಳನ್ನು ಬೇಕೆಂದೇ ಬಿಟ್ಟೆ.

ಮುಂದಿನ ಬೂಟಿನಲ್ಲಿ ಡೆಸ್ಕ್‌ಟಾಪ್ ಬಂತು. ಹಿನ್ನೆಲೆಯಲ್ಲಿ ಮೊಮ್ಮಗಳ ಫೋಟೋ. ಎಡಗಡೆ ಪೇಜ್‌ಮೇಕರ್, ನುಡಿ, ಸಮಿತಿಗಳ ಹೆಸರಿನ ಫೋಲ್ಡರ್‌ಗಳ ಸಾಲು. ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ಶಟ್‌ಡೌನ್ ಮಾಡಿ ಹಳೆಯ ಡಿಸ್ಕನ್ನು ಎರಡನೇ ಸಾಟಾಕ್ಕೆ ಹಚ್ಚಿದೆ. ಡಿ, ಇ ಎರಡೂ ತಮ್ಮ ಹಳೆಯ ಅಕ್ಷರಗಳಲ್ಲೇ ಬಂದವು. ಪೇಜ್‌ಮೇಕರ್ ಕಡತಗಳು ಚಿತ್ರಗಳನ್ನು ಡಿ ಡ್ರೈವ್‌ನ ಪೂರ್ತಿ ವಿಳಾಸ ಹಿಡಿದು ಹುಡುಕುತ್ತವೆ. ಆ ಸಾಲುಗಳನ್ನು ಉಳಿಸಿದ್ದು ಅದಕ್ಕೇ.

ಉಳಿದದ್ದು ಸಣ್ಣ ಸಣ್ಣ ಕೆಲಸ. ಇಂಟೆಲ್ ಗ್ರಾಫಿಕ್ಸ್, ಸೌಂಡ್, ಚಿಪ್‌ಸೆಟ್ ಡ್ರೈವರ್ ಹಾಕಿದೆ. ಹಳೆಯ ಬೋರ್ಡಿನ ಜೊತೆ ಬಂದಿದ್ದ ತಂತ್ರಾಂಶ ತೆಗೆದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆ ಹಾಕಿ, ಹಳೆಯ ಗ್ರಾಫಿಕ್ಸ್ ಮತ್ತು ಸೌಂಡಿನ ಮಸುಕು ಹೆಸರುಗಳನ್ನು ಕಿತ್ತೆ. ಡಾಂಗಲ್ ಹಚ್ಚಿದ ಕೂಡಲೇ ಫಾಂಟ್ ಪ್ಯಾಕೇಜ್ ತೆರೆಯಿತು, ಅದರ ಬೀಗ ಇರುವುದು ಡಾಂಗಲಿನಲ್ಲಿ, ಬೋರ್ಡಿನಲ್ಲಲ್ಲ. ಲೆಕ್ಕದ ಸಾಫ್ಟ್‌ವೇರ್ ಮಾತ್ರ ಮತ್ತೆ ಲೈಸೆನ್ಸ್ ಕೇಳಿತು. ಮಾವನ ಹತ್ತಿರ ಸಂಖ್ಯೆ ಇತ್ತು.

ವಿಂಡೋಸ್‌ನ ಲೈಸೆನ್ಸ್ ಬಗ್ಗೆ ಎರಡು ಮಾತು. ಬೋರ್ಡ್ ಬದಲಾದರೆ ವಿಂಡೋಸ್ ಅದನ್ನು ಬೇರೆ ಕಂಪ್ಯೂಟರ್ ಅಂತ ತಿಳಿಯುತ್ತದೆ. ಮಾವ ಅಂದು ವಿಂಡೋಸ್ 7ರ ಡಬ್ಬಿ ಖರೀದಿಸಿದ್ದರು, 2016ರಲ್ಲಿ ಉಚಿತವಾಗಿ 10ಕ್ಕೆ ಏರಿಸಿದ್ದೆ. ಆಗಲೇ ಅವರ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರಿಂದ ಬಚಾವಾದೆವು. ಆಕ್ಟಿವೇಶನ್ ಟ್ರಬಲ್‌ಶೂಟರಿನಲ್ಲಿ ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಅಂತ ಒತ್ತಿ, ಪಟ್ಟಿಯಲ್ಲಿ ಹಳೆಯ ಕಂಪ್ಯೂಟರಿನ ಹೆಸರು ಆರಿಸಿದೆ. ಆಯಿತು. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆಗಿದ್ದರೆ ಅದು ಹಳೆಯ ಬೋರ್ಡಿನ ಜೊತೆಗೇ ಹೋಗುತ್ತಿತ್ತು. ವಿಂಡೋಸ್ 7ರ ಕೀ ಹಾಕಿ 10 ಚಾಲೂ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿದೆ. ನಿಮ್ಮ ಬೋರ್ಡ್ ಇನ್ನೂ ಓಡುತ್ತಿದ್ದರೆ ಇವತ್ತೇ ಖಾತೆಗೆ ಜೋಡಿಸಿಡಿ. ಡಿಸ್ಕಿಗೇ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದವರು ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಹೊಸ ಬೋರ್ಡಿನ ಟಿಪಿಎಂಗೆ ಹಳೆಯ ಬೀಗದ ಗುಟ್ಟು ಗೊತ್ತಿರುವುದಿಲ್ಲ.

ಪ್ರಿಂಟರ್ ಒಂದು ಗಂಟೆ ಹಿಡಿಯಿತು. ಯುಎಸ್‌ಬಿ ಪೋರ್ಟ್ ಬದಲಾದ ಕಾರಣ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂತ ತಿಳಿದು "ಕಾಪಿ 1" ಅಂತ ಇನ್ನೊಂದು ಹೆಸರು ಹುಟ್ಟಿಸಿತ್ತು. ಮಾವ ಹೊಂದಿಸಿದ್ದ ಕಾಗದದ ಅಳತೆ, ಕಪ್ಪಿನ ಪ್ರಮಾಣ ಎಲ್ಲ ಹಳೆಯ ಹೆಸರಿನಲ್ಲಿತ್ತು. ಹಳೆಯದರ ಪ್ರಾಪರ್ಟೀಸ್ ತೆರೆದು, ಪೋರ್ಟನ್ನು ಯುಎಸ್‌ಬಿ 001ರಿಂದ 002ಕ್ಕೆ ಬದಲಿಸಿ, ನಕಲನ್ನು ಅಳಿಸಿದೆ.

ಕ್ಯಾಬಿನೆಟ್ ಈಗ ಕಿಟಕಿಯ ಕೆಳಗೆ ಇಲ್ಲ. ಒಳಗೋಡೆಯ ಬದಿಗೆ, ನೆಲದಿಂದ ಒಂದು ಅಡಿ ಮೇಲೆ ಹಲಗೆ ಹೊಡೆಸಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕೆಲಸ ಇಲ್ಲದ ದಿನವೂ ಒಂದು ಗಂಟೆ ಓಡಿಸಿ ಅಂತ ಮಾವನಿಗೆ ಹೇಳಿದ್ದೇನೆ. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ.

ಸಂಜೆ ಮಾವ ಹೋದ ವರ್ಷದ ರಸೀದಿ ಪುಸ್ತಕದ ಕಡತ ತೆರೆದರು. ಗಣಪತಿಯ ಚಿತ್ರ ಮೇಲೆ ಎಡಗಡೆ ಇದ್ದಲ್ಲೇ ಇತ್ತು. ಇಸವಿ ಬದಲಿಸಿ, ಬಟರ್ ಶೀಟ್ ಹಾಕಿ ಪ್ರಿಂಟ್ ಕೊಟ್ಟರು. ಹಾಳೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಕನ್ನಡಕ ಸರಿ ಮಾಡಿಕೊಂಡು, "ಶ್ರೀ ಸಿದ್ಧಿವಿನಾಯಕ ಪ್ರಸನ್ನ" ಎಂಬ ಸಾಲಿನ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸಮಿತಿಯವರಿಗೆ ಫೋನ್ ಹಚ್ಚಿದರು. ನಾಡಿದ್ದು ಬಂದು ಪುಸ್ತಕ ತಗೊಂಡು ಹೋಗಲು ಹೇಳಿದರು.